ಉಪ್ಪುಗಾಳಿಗೆ ಅಗ್ಗದ ಸೋಲಾರ್ ಬರುವ ಮುನ್ನ

ಕಳೆದ ಆಸಾಡಿಯಲ್ಲಿ ಕುಂದಾಪುರದ ಹೊರವಲಯದ ಗುಜರಿ ಅಂಗಡಿಯೊಂದರ ಅಂಗಳದಲ್ಲಿ ನಾಲ್ಕು ಸೋಲಾರ್ ಪ್ಯಾನೆಲ್‌ಗಳು ಮಳೆಗೆ ನೆನೆಯುತ್ತ ಬಿದ್ದಿದ್ದವು. ಒಂದರ ಮೇಲೆ ತೆಂಗಿನಕಾಯಿ ಬಿದ್ದಿರಬೇಕು, ಗಾಜು ಜೇಡರ ಬಲೆಯ ಹಾಗೆ ಸೀಳಿ ನಡುವೆ ತಗ್ಗಾಗಿತ್ತು. ಹುಡುಗನೊಬ್ಬ ಉಳಿ, ಸುತ್ತಿಗೆ ಹಿಡಿದು ಅಲ್ಯೂಮಿನಿಯಂ ಚೌಕಟ್ಟು ಕಳಚುತ್ತಿದ್ದ. ಚೌಕಟ್ಟಿಗೆ ಕಿಲೋ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ, ವಯರಿನೊಳಗಿನ ತಾಮ್ರಕ್ಕೂ ಸಿಗುತ್ತದೆ. ಗಾಜನ್ನು, ಅದರ ಬೆನ್ನಿಗೆ ಅಂಟಿಕೊಂಡ ನೀಲಿ ಬಿಲ್ಲೆಗಳನ್ನು ಕೇಳುವವರಿಲ್ಲ. "ಅದನ್ನ್ ಎಂತ ಮಾಡ್ತ್ರಿ?" ಎಂದು ಕೇಳಿದಾಗ ಅಂಗಡಿಯವರು ಹಿತ್ತಲಿನ ಹೊಂಡದ ಕಡೆ ಕೈ ತೋರಿಸಿದರು. "ಅಲ್ಲ್ ಹಾಕುದ್. ಬೇರೆ ಎಲ್ಲ್ ಹಾಕುದ್ ಹೇಳಿ?" ಹೊಂಡದಿಂದ ಹತ್ತು ಮಾರು ಆಚೆಗೆ ಬಾವಿ ಇತ್ತು. ಬಾವಿಕಟ್ಟೆಯ ಮೇಲೆ ಕೊಡಪಾನ.

ಆ ನಾಲ್ಕೂ ಸಿಲಿಕಾನ್ ಪ್ಯಾನೆಲ್‌ಗಳು. ಸಿಲಿಕಾನ್ ಮರಳಿನಿಂದ ಬಂದದ್ದು, ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಆ ಹೊಂಡದಿಂದ ಇವತ್ತಿಗೆ ದೊಡ್ಡ ಅಪಾಯವಿದೆ ಎಂದು ನಾವು ಹೇಳುವುದಿಲ್ಲ. ನಮ್ಮ ಚಿಂತೆ ಇರುವುದು ಮುಂದೆ ಅದೇ ಹೊಂಡಕ್ಕೆ ಬೀಳಲಿರುವ ಪ್ಯಾನೆಲ್‌ಗಳ ಬಗ್ಗೆ. ಅವು ಇನ್ನೂ ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ನಮ್ಮ ಮೂರು ತಾಲೂಕಿನ ಅಂಗಡಿಗಳಿಗೆ ಬಂದಿಲ್ಲ. ಬಂದ ಮೇಲೆ ಬರೆದು ಪ್ರಯೋಜನವಿಲ್ಲ, ಆದ್ದರಿಂದ ಈಗಲೇ ಬರೆಯುತ್ತಿದ್ದೇವೆ.

ಆ ಹೊಸ ಸರಕಿನ ಹೆಸರು ಪೆರೊವ್‌ಸ್ಕೈಟ್. ಸೀಸ, ಅಯೋಡಿನ್ ಮತ್ತು ಒಂದು ಸಾವಯವ ಲವಣ ಸೇರಿ ಆಗುವ ಹರಳು. ಇದನ್ನು ದ್ರಾವಣ ಮಾಡಿ, ಶಾಯಿಯ ಹಾಗೆ ಗಾಜಿನ ಮೇಲೆ ಬಳಿದು ಸುಮಾರು 100ರಿಂದ 150 ಡಿಗ್ರಿಯಲ್ಲಿ ಒಣಗಿಸಿದರೆ ಬಿಸಿಲನ್ನು ವಿದ್ಯುತ್ ಮಾಡುವ ಪದರ ಸಿದ್ಧ. ಸಿಲಿಕಾನನ್ನು 1,400 ಡಿಗ್ರಿ ದಾಟಿಸಿ ಕರಗಿಸಬೇಕು. ಇದಕ್ಕೆ ಅಷ್ಟು ಬೆಂಕಿಯೂ ಬೇಡ, ಅಷ್ಟು ದೊಡ್ಡ ಕುಲುಮೆಯೂ ಬೇಡ. ಪದರದ ದಪ್ಪ ತಲೆಗೂದಲಿನ ನೂರನೇ ಒಂದು ಪಾಲು. ಅದರ ಕೆಳಗೂ ಮೇಲೂ ವಿದ್ಯುತ್ತನ್ನು ಹೊರಗೆ ಸಾಗಿಸಲು ಟೈಟಾನಿಯಂ ಅಥವಾ ತವರದ ಆಕ್ಸೈಡಿನ ನ್ಯಾನೋ ಕಣಗಳಂಥ ತೆಳುಪದರಗಳು. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕ ಮತ್ತು ಸಂಗಡಿಗರು ಮೊದಲು ಮಾಡಿ ತೋರಿಸಿದಾಗ ಬಿದ್ದ ಬಿಸಿಲಿನಲ್ಲಿ ಶೇ. 3.8ರಷ್ಟು ಮಾತ್ರ ವಿದ್ಯುತ್ತಾಗಿತ್ತು. ಪ್ರಯೋಗಾಲಯದ ಪುಟ್ಟ ಬಿಲ್ಲೆಗಳಲ್ಲಿ ಈಗ ಅದು ಶೇ. 26 ದಾಟಿದೆ. ಸಿಲಿಕಾನಿನ ಬೆನ್ನೇರಿಸಿ ಜೋಡಿಯಾಗಿ ಮಾಡಿದರೆ ಶೇ. 34ರ ಮೇಲಕ್ಕೂ ಹೋಗಿದೆ. ಹದಿನೈದು ವರ್ಷದಲ್ಲಿ ಇಷ್ಟು ಏರಿದ ಸೌರ ತಂತ್ರಜ್ಞಾನ ಇನ್ನೊಂದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಪಿವಿ ಕಂಪನಿ ಜರ್ಮನಿಯ ತನ್ನ ಕಾರ್ಖಾನೆಯಲ್ಲಿ ಮಾಡಿದ ಇಂಥ ಜೋಡಿ ಪ್ಯಾನೆಲ್‌ಗಳ ಮೊದಲ ವಾಣಿಜ್ಯ ಕಂತನ್ನು ಅಮೆರಿಕಕ್ಕೆ ಕಳಿಸಿತು. ಚೀನಾದಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳೇ ಎದ್ದಿವೆ.

ಇದು ಒಳ್ಳೆಯ ಸುದ್ದಿ. ಬೆಳಕು ಅಗ್ಗವಾಗುವುದನ್ನು ನಾವು ಮನಸಾರೆ ಬಯಸುತ್ತೇವೆ. ಗಂಗೊಳ್ಳಿಯ ಐಸ್ ಪ್ಲಾಂಟಿಗೆ, ಬೈಂದೂರಿನ ಗೇರುಬೀಜ ಕಾರ್ಖಾನೆಗೆ, ಕೋಟ ಬ್ರಹ್ಮಾವರದ ಅಕ್ಕಿ ಮಿಲ್ಲಿಗೆ ಕರೆಂಟ್ ಬಿಲ್ಲು ಎಷ್ಟು ಭಾರ ಎಂಬುದು ಗೊತ್ತಿದ್ದವರಿಗೇ ಗೊತ್ತು. ಆದರೆ ಈ ಹರಳಿಗೆ ಒಂದು ಹುಟ್ಟುದೋಷವಿದೆ. ಅದು ನೀರು ಕಂಡರೆ ಕರಗುತ್ತದೆ. ತೇವ ತಾಗಿದರೆ ಕಪ್ಪಗಿದ್ದ ಪದರ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆ ಹಳದಿ ಸೀಸದ ಅಯೋಡೈಡ್. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಮಳೆ ಇಲ್ಲದ ತಿಂಗಳಲ್ಲೂ ಗಾಳಿಯಲ್ಲಿ ತೇವ ಆರದ, ಗೇಟಿನ ಚಿಲಕ ಎರಡು ವರ್ಷಕ್ಕೆ ತುಕ್ಕು ಹಿಡಿದು ಉದುರುವ ನಮ್ಮ ಊರಿಗೂ ಆ ಹರಳಿಗೂ ಹೊಂದಿಕೆಯಾಗುವುದು ಸುಲಭವಲ್ಲ. ಗಾಜಿಗೆ ಗಾಜು ಕೂಡಿಸಿ ಅಂಚನ್ನು ರಬ್ಬರಿನಂಥ ಅಂಟಿನಿಂದ ಬಿಗಿದು ಒಳಗಿಟ್ಟರೆ ಮಾತ್ರ ಅದು ಬಾಳುತ್ತದೆ. ಇಡೀ ಪ್ಯಾನೆಲ್ಲಿನ ಆಯುಸ್ಸು ನಿಂತಿರುವುದು ಬೆರಳಗಲದ ಆ ಅಂಟಿನ ಮೇಲೆ.

ಪರೀಕ್ಷೆಗಳಿಲ್ಲವೇ ಎಂದು ಕೇಳಬಹುದು. ಇವೆ. ಪ್ಯಾನೆಲ್ಲನ್ನು 85 ಡಿಗ್ರಿ ಶಾಖದಲ್ಲಿ, ಶೇ. 85 ತೇವದಲ್ಲಿ 1,000 ಗಂಟೆ ಇಟ್ಟು ನೋಡುತ್ತಾರೆ. ಕರಾವಳಿಗೆ ಉಪ್ಪು ಮಂಜಿನ ಪರೀಕ್ಷೆ ಬೇರೆಯೇ ಇದೆ. ಸಾವಿರ ಗಂಟೆ ಎಂದರೆ 42 ದಿನದ ಹತ್ತಿರ. ಶಾಖ ಏರಿಸಿ ಕಾಲವನ್ನು ಹಿಗ್ಗಿಸುವ ಲೆಕ್ಕವದು, ಸಿಲಿಕಾನಿನ ಮಟ್ಟಿಗೆ ದಶಕಗಳ ಅನುಭವದ ಬೆಂಬಲ ಅದಕ್ಕಿದೆ. ಹೊಸ ಹರಳಿಗೆ ಆ ಬೆಂಬಲ ಇನ್ನೂ ಹುಟ್ಟಿಲ್ಲ. ಪೆಟ್ಟಿಗೆಯೊಳಗೆ 42 ದಿನ ತಾಳಿದ್ದು ಮರವಂತೆಯ ಗಾಳಿಗೆ 25 ಮಳೆಗಾಲ ತಾಳುತ್ತದೆ ಎಂದು ಹೇಳಬಲ್ಲಷ್ಟು ವರ್ಷ ಈ ಪ್ಯಾನೆಲ್ ಎಲ್ಲೂ ಬದುಕಿಲ್ಲ. ಸಿಲಿಕಾನಿನ ವಿಷಯದಲ್ಲೇ ಐಐಟಿ ಬಾಂಬೆಯ ಸೌರ ಸಂಶೋಧನಾ ಕೇಂದ್ರದವರು ಊರೂರು ತಿರುಗಿ ಮಾಡಿದ ಅಖಿಲ ಭಾರತ ಸಮೀಕ್ಷೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು: ಸೆಕೆಯ ಸೀಮೆಗಳಲ್ಲಿ ಪ್ಯಾನೆಲ್ ಬೇಗ ಕುಗ್ಗುತ್ತದೆ, ದೊಡ್ಡ ಸೌರ ಸ್ಥಾವರಗಳಿಗಿಂತ ಮನೆಮಾಡಿನಂಥ ಸಣ್ಣ ಅಳವಡಿಕೆಗಳ ಸ್ಥಿತಿ ಹೆಚ್ಚು ಕೆಟ್ಟಿರುತ್ತದೆ. ನಮ್ಮದು ಸೆಕೆಯ ಊರು, ನಮ್ಮವು ಸಣ್ಣ ಅಳವಡಿಕೆಗಳು.

ಇಲ್ಲಿ ಸ್ವಲ್ಪ ನಮ್ಮದೇ ಚರಿತ್ರೆ ನೆನೆಯಬೇಕು. ಸೋಲಾರ್ ನಮಗೆ ಹೊಸತಲ್ಲ. ದೇಶದ ಬಹಳಷ್ಟು ಜಿಲ್ಲೆಗಳಿಗಿಂತ ಮೊದಲೇ ನಮ್ಮ ಕರಾವಳಿಯ ಮನೆಗಳಲ್ಲಿ ಸೋಲಾರ್ ದೀಪ ಉರಿದಿತ್ತು. 1995ರಲ್ಲಿ ಸೋಲಾರ್ ದೀಪದ ಕಂಪನಿ ಸೆಲ್ಕೋವನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರ ಮೂಲ ಊರು ಕೋಟದ ಪಕ್ಕದ ಹಂದಟ್ಟು. 2011ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಈ ಮೂರು ತಾಲೂಕು ತಮ್ಮ ಮನೆ ಮಗನಿಗೇ ಬಂದ ಹಾಗೆ ಹಿಗ್ಗಿತ್ತು. ಆಗ ಪ್ಯಾನೆಲ್ ಈಗಿನಂತೆ ಅಗ್ಗವಾಗಿರಲಿಲ್ಲ, ಬಲು ದುಬಾರಿ. ಆದರೂ ಕೂಲಿಯವರ ಮನೆಗೆ ದೀಪ ಹೋಯಿತು. ಹೋದದ್ದು ಹೇಗೆ ಎಂದರೆ ಬ್ಯಾಂಕು ಸಾಲ ಕೊಟ್ಟಿತು, ಕಂತನ್ನು ಮನೆಯವರ ಸಂಪಾದನೆಯ ಹದಕ್ಕೆ ಹೊಂದಿಸಿತು, ದೀಪ ಕೆಟ್ಟರೆ ಬೈಕೇರಿ ಬರುವ ಹುಡುಗ ಹತ್ತಿರದ ಪೇಟೆಯಲ್ಲೇ ಇದ್ದ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಭಾರತದಲ್ಲಿ ಸೋಲಾರ್ ಸಾಲದ ಯೋಜನೆ ಶುರುಮಾಡಿದಾಗ ಕೈಜೋಡಿಸಿದ ಬ್ಯಾಂಕುಗಳು ಎರಡು: ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕು. ಎರಡೂ ನಮ್ಮ ಮಣ್ಣಿನವು.

ಅಮಾಸೆಬೈಲನ್ನೇ ನೋಡಿ. ಹೊಸಂಗಡಿಯ ಭೂಗರ್ಭದಲ್ಲಿ ವಾರಾಹಿಯ ನೀರು 460 ಮೆಗಾವ್ಯಾಟ್ ವಿದ್ಯುತ್ ಹುಟ್ಟಿಸುವ ಸ್ಥಾವರ ಇರುವುದು ಆ ಸೀಮೆಯಲ್ಲೇ. ಆದರೂ ಕಾಡಂಚಿನಲ್ಲಿ ಚದುರಿದ ಮನೆಗಳಿಗೆ ಬೆಳಕಿನ ಭರವಸೆ ಇರಲಿಲ್ಲ. ಎ.ಜಿ. ಕೊಡ್ಗಿಯವರು ಹಿರಿತನ ವಹಿಸಿ ಅಲ್ಲಿನ ಟ್ರಸ್ಟಿನ ಮೂಲಕ ಪಂಚಾಯತಿನ ಮನೆಮನೆಗೆ ಸೋಲಾರ್ ದೀಪ ಮುಟ್ಟಿಸುವ ಕೆಲಸಕ್ಕೆ ಕೈ ಹಾಕಿದರು. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಲೈನು ಹೋದಾಗ ಉರಿಯುವ ಒಂದೇ ದೀಪ ಸೋಲಾರಿನದ್ದು ಎಂಬ ಮಾತನ್ನು ಘಟ್ಟದ ಬುಡದ ಯಾವ ಮನೆಯಲ್ಲಾದರೂ ಕೇಳಬಹುದು. ಆ ದೀಪದ ಮೇಲೆ ಜನ ನಂಬಿಕೆ ಇಟ್ಟಿದ್ದಾರೆ. ಅದು ಮೂವತ್ತು ವರ್ಷದ ದುಡಿಮೆಯ ಫಲ. ಎರಡು ಮಳೆಗಾಲಕ್ಕೆ ಹಳದಿಯಾಗುವ ಅಗ್ಗದ ಪ್ಯಾನೆಲ್ ಆ ನಂಬಿಕೆಯನ್ನು ತಿಂದುಹಾಕಿದರೆ ಮತ್ತೆ ಕಟ್ಟಲು ಇನ್ನೊಂದು ಮೂವತ್ತು ವರ್ಷ ಬೇಕಾದೀತು.

ಅಗ್ಗದ ಪ್ಯಾನೆಲ್ ಎಲ್ಲವೂ ಕೆಟ್ಟದ್ದೇ ಎಂದು ಯಾಕೆ ಭಾವಿಸಬೇಕು? ಭಾವಿಸಬೇಕಿಲ್ಲ. ಆದರೆ ಲೆಕ್ಕ ನೋಡಿ. ಸಿಲಿಕಾನ್ ಪ್ಯಾನೆಲ್ಲಿನ ಬೆಲೆ ಈಗಾಗಲೇ ಪಾತಾಳಕ್ಕೆ ಇಳಿದಿದೆ. ಚೀನಾದ ಕಾರ್ಖಾನೆ ಬಾಗಿಲಲ್ಲಿ 2024ರಲ್ಲೇ ವ್ಯಾಟಿಗೆ ಹತ್ತು ಸೆಂಟಿನ ಹತ್ತಿರ, ಅಂದರೆ ನಮ್ಮ ಎಂಟೊಂಬತ್ತು ರೂಪಾಯಿ. ಇದಕ್ಕಿಂತ ಕಡಿಮೆಗೆ ಮಾರಬೇಕೆಂದು ಹೊರಟ ಹೊಸಬರು ಖರ್ಚು ಉಳಿಸುವುದೆಲ್ಲಿ? ಬೆಳಕು ಹೀರುವ ಪದರದಲ್ಲಿ ಉಳಿಸಲು ಏನೂ ಇಲ್ಲ, ಅದು ಮೊದಲೇ ಅಷ್ಟು ತೆಳು. ಉಳಿಯುವುದು ಗಾಜು, ಅಂಚಿನ ಅಂಟು, ಜಂಕ್ಷನ್ ಪೆಟ್ಟಿಗೆ, ಊರಿನಲ್ಲಿರಬೇಕಾದ ಸರ್ವಿಸ್ ಹುಡುಗ. ನಮ್ಮ ಹವೆಯಲ್ಲಿ ಪ್ಯಾನೆಲ್ಲನ್ನು ಕಾಯುವುದು ಇವೇ ನಾಲ್ಕು.

ಕಂಪನಿಯೇ ಮುಳುಗಿದರೆ ಇನ್ನೂ ಕಷ್ಟ. ನ್ಯಾನೋಸೋಲಾರ್ ಎಂಬ ಹೆಸರು ಕೆಲವರಿಗೆ ನೆನಪಿರಬಹುದು. 2002ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಕಂಪನಿ. ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂನ ನ್ಯಾನೋ ಕಣಗಳ ಶಾಯಿಯನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಪತ್ರಿಕೆ ಮುದ್ರಿಸಿದ ಹಾಗೆ ಮುದ್ರಿಸಿ ವ್ಯಾಟಿಗೆ ಒಂದು ಡಾಲರಿನ ಸೋಲಾರ್ ಕೊಡುತ್ತೇವೆ ಎಂದಿತು. ಗೂಗಲ್ ಕಟ್ಟಿದವರೂ ದುಡ್ಡು ಹಾಕಿದರು, ಒಟ್ಟು 40 ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ಹರಿದುಬಂತು. 2007ರ ಡಿಸೆಂಬರಿನಲ್ಲಿ ಮೊದಲ ಪ್ಯಾನೆಲ್ ಹೊರಬಿತ್ತು. ಅದರ ಬೆನ್ನಿಗೇ ಸಿಲಿಕಾನಿನ ಬೆಲೆ ಕುಸಿಯತೊಡಗಿತು. 2013ರಲ್ಲಿ ಕಂಪನಿ ಬಾಗಿಲು ಹಾಕಿತು. ಆ ವಿಜ್ಞಾನ ಸುಳ್ಳಾಗಿರಲಿಲ್ಲ, ಪ್ಯಾನೆಲ್ ವಿದ್ಯುತ್ ಕೊಡುತ್ತಿತ್ತು. ಆದರೆ ಆರು ವರ್ಷದೊಳಗೆ ವಾರಂಟಿ ಕೊಟ್ಟವರೇ ಇಲ್ಲವಾದರು. ಅಂಥ ಕಂಪನಿಯ ಪ್ಯಾನೆಲ್ ಶಿರೂರಿನ ಒಂದು ಮಾಡಿನ ಮೇಲಿದ್ದರೆ ಆ ಮನೆಯವರು ಯಾರ ಬಾಗಿಲು ತಟ್ಟಬೇಕಿತ್ತು?

ಸೀಸದ ವಿಷಯಕ್ಕೆ ಬರೋಣ. ಇಲ್ಲಿ ಹೆದರಿಸುವುದು ಸುಲಭ. ಅಳತೆ ಹೇಳುವುದು ನಮ್ಮ ಕರ್ತವ್ಯ. ಪೆರೊವ್‌ಸ್ಕೈಟ್ ಪ್ಯಾನೆಲ್ಲಿನ ಒಂದು ಚದರ ಮೀಟರಿನಲ್ಲಿ ಸೀಸ ಒಂದು ಗ್ರಾಮಿಗೂ ಕಡಿಮೆ. ಮನೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಇದೆ. ಈಗಿನ ಸಿಲಿಕಾನ್ ಪ್ಯಾನೆಲ್ಲಿನ ಬೆಸುಗೆಯಲ್ಲೂ ಸೀಸವಿದೆ, ತೂಕದಲ್ಲಿ ಇದಕ್ಕಿಂತ ಹೆಚ್ಚೇ. ಹಾಗಾದರೆ ಗದ್ದಲ ಯಾಕೆ? ಬೆಸುಗೆಯ ಸೀಸ ಲೋಹ, ಅದು ಬಿಡುವುದು ನಿಧಾನ. ಹೊಸ ಹರಳಿನ ಸೀಸ ಉಪ್ಪಿನ ರೂಪದಲ್ಲಿದೆ, ಗಾಜು ಒಡೆದು ಮಳೆ ಬಿದ್ದರೆ ಅದು ನೀರಿನೊಂದಿಗೆ ಹೊರಡುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಹೇಳುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಗುಣಿಸಿ ನೋಡಿದರೆ ಒಂದು ಗ್ರಾಂ ಸೀಸ ಒಂದು ಲಕ್ಷ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಎಲ್ಲ ಸೀಸವೂ ಬಾವಿಗೆ ಹೋಗುವುದಿಲ್ಲ. ನಮ್ಮ ಮುರಕಲ್ಲಿನ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಸೀಸವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೋಡಿ, ತ್ರಾಸಿ, ಮರವಂತೆಯ ಮರಳಿಗೆ ಆ ಗುಣ ಅಷ್ಟಿಲ್ಲ, ಅಲ್ಲಿ ಬಾವಿಯ ನೀರೂ ನಾಲ್ಕಾಳು ಆಳದೊಳಗೇ ಸಿಗುತ್ತದೆ. 2020ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಪುದೀನ ಗಿಡಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿತ್ತು. ಮಣ್ಣಿನಲ್ಲಿ ಮೊದಲೇ ಇರುವ ಸೀಸಕ್ಕಿಂತ ಪೆರೊವ್‌ಸ್ಕೈಟಿನಿಂದ ಬಂದ ಸೀಸ ಗಿಡದೊಳಗೆ ಹತ್ತು ಪಟ್ಟು ಸುಲಭವಾಗಿ ಸೇರಿತು ಎಂಬುದು ಅವರ ಮಾತು. ಸೀಸ ಮುಖ್ಯವಾಗಿ ಕೆಡಿಸುವುದು ಚಿಕ್ಕ ಮಕ್ಕಳ ಮೆದುಳನ್ನು, ಮತ್ತು ಅದು ಮತ್ತೆ ಸರಿಹೋಗುವ ಕೆಡುಕಲ್ಲ.

ಒಂದೆರಡು ಪ್ಯಾನೆಲ್ ಒಡೆದರೆ ಊರು ಹಾಳಾಗದು. ಗುಜರಿ ಅಂಗಡಿಯ ಒಂದೇ ಹೊಂಡಕ್ಕೆ ಹತ್ತು ವರ್ಷ ನೂರಾರು ಪ್ಯಾನೆಲ್ ಬಿದ್ದರೆ, ಆ ಹೊಂಡದ ಪಕ್ಕದ ಮನೆಯ ಮಗುವಿಗೆ ಸರಾಸರಿಯ ಸಮಾಧಾನ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಕರಾವಳಿಗೆ ತಡವಾಗಿ ಕಣ್ಣು ತೆರೆದ ಅನುಭವ ಇದೆ. ಎಂಡೋಸಲ್ಫಾನ್ ಕೀಟನಾಶಕದ ಹೆಸರೆತ್ತಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಾಸರಗೋಡಿನ ಪಡ್ರೆಯ ಆಸುಪಾಸಿನ ಗೇರು ತೋಪುಗಳಲ್ಲಿ ಹೆಲಿಕಾಪ್ಟರಿನಿಂದ ಸಿಂಪಡಣೆ ನಡೆಯುತ್ತಿದ್ದಾಗ ಕಾಲು ಸೊಟ್ಟಗಾಗಿ ಹುಟ್ಟುವ ಕರುಗಳ ಬಗ್ಗೆ ಅಲ್ಲಿನ ಕೃಷಿಕ ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ವಿಚಿತ್ರವಿದೆ ಎಂದು ಗುರುತಿಸಿ ಕೂಗಿದರು. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಮೊದಲ ಬರಹಕ್ಕೂ ತಡೆಗೂ ನಡುವೆ ಸುಮಾರು ಮೂರು ದಶಕ. ಆ ವಿಷದ ಪಾಲು ನಮ್ಮ ಉಡುಪಿ ಜಿಲ್ಲೆಯ ಹಳ್ಳಿಗಳಿಗೂ ಬಂತು, ಇಂದಿಗೂ ಮಾಸಾಶನ ಪಡೆಯುತ್ತಿರುವ ಸಂತ್ರಸ್ತರು ಇಲ್ಲಿದ್ದಾರೆ. ಸೋಲಾರನ್ನು ಎಂಡೋಸಲ್ಫಾನಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ, ಎರಡರ ಅಪಾಯದ ತೂಕ ಒಂದೇ ಅಲ್ಲ. ಆದರೆ ಮೊದಲ ದಿನವೇ ಕೇಳಬಹುದಾಗಿದ್ದ ಪ್ರಶ್ನೆಯನ್ನು ಯಾರೂ ಕೇಳದೆ ಹೋದರೆ ಉತ್ತರ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ನಾವು ಕಂಡವರು.

ಕಾನೂನು ಏನೂ ಇಲ್ಲವೆಂದಲ್ಲ. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಸೋಲಾರ್ ಪ್ಯಾನೆಲ್ಲೂ ಅದರೊಳಗೆ ಬರುತ್ತದೆ. ತಯಾರಿಸಿದವರು ಹಾಳಾದ ಪ್ಯಾನೆಲ್‌ಗಳನ್ನು 2034-35ರ ವರೆಗೆ ಸಂಗ್ರಹಿಸಿ ಇಡಬೇಕು, ವರ್ಷಾವರ್ಷ ಲೆಕ್ಕ ಕೊಡಬೇಕು ಎನ್ನುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಬ್ರಹ್ಮಾವರದ ರೈತನ ಮಾಡಿನಿಂದ ಒಡೆದ ಪ್ಯಾನೆಲ್ ತಯಾರಕರ ಗೋದಾಮಿಗೆ ಹೋಗುವ ದಾರಿ ಯಾವುದು? ಗುಜರಿಯವರು ಮನೆ ಬಾಗಿಲಿಗೆ ಬರುತ್ತಾರೆ, ನೂರೋ ಇನ್ನೂರೋ ಕೈಯಲ್ಲಿ ಇಡುತ್ತಾರೆ. ತಯಾರಕರ ಕಡೆಯವರು ಯಾರೂ ಬರುವುದಿಲ್ಲ. ಹಾಗೆಂದು ಇದು ಆಗದ ಕೆಲಸವೂ ಅಲ್ಲ. ಕ್ಯಾಡ್ಮಿಯಂ ಇರುವ ತೆಳುಪದರದ ಪ್ಯಾನೆಲ್ ಮಾಡುವ ಫಸ್ಟ್ ಸೋಲಾರ್ ಕಂಪನಿ 2005ರಲ್ಲೇ ಹಳೆಯ ಪ್ಯಾನೆಲ್ ಹಿಂದಕ್ಕೆ ಪಡೆಯುವ ಏರ್ಪಾಡು ಮಾಡಿತು. ಅದರ ಕಾರ್ಖಾನೆ ಈಗ ತಮಿಳುನಾಡಿನಲ್ಲೂ ಇದೆ.

ಹೊಸ ಸರಕು ಮುಂಬಾಗಿಲಿನಿಂದಲೇ ಬರುತ್ತದೆ ಎಂದು ಕಾಯುತ್ತ ಕೂರುವುದೂ ತಪ್ಪಾದೀತು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಅದು ಸಿಗಬೇಕಾದರೆ ಸರಕಾರ ಒಪ್ಪಿದ ಪಟ್ಟಿಯ ಪ್ಯಾನೆಲ್ಲನ್ನೇ ಹಾಕಬೇಕು, ಮೆಸ್ಕಾಂ ನೋಡಿ ಮೀಟರ್ ಕೊಡುತ್ತದೆ. ಅಲ್ಲಿ ಒಂದು ಜರಡಿಯಾದರೂ ಇದೆ. ಆದರೆ ತೋಟದ ಬೇಲಿ ದೀಪ, ಮೀನು ಒಣಗಿಸುವ ಅಂಗಳದ ಕಂಬದ ದೀಪ, ದೋಣಿಯ ಲ್ಯಾಂಪು, ಜಾತ್ರೆಯಲ್ಲಿ ಮಾರುವ ಮೊಬೈಲ್ ಚಾರ್ಜರ್, ಇವು ಆ ಜರಡಿಗೆ ಬೀಳುವುದೇ ಇಲ್ಲ. ಪೆರೊವ್‌ಸ್ಕೈಟ್ ಮಂದ ಬೆಳಕಿನಲ್ಲೂ ಚೆನ್ನಾಗಿ ಕೆಲಸ ಮಾಡುವುದರಿಂದ ಸಣ್ಣ ಸಾಮಾನಿಗೆ ಅದು ಹೇಳಿಮಾಡಿಸಿದ್ದು. ಮೊದಲು ಬರುವುದು ಆ ದಾರಿಯಲ್ಲೇ ಎಂದು ನಮ್ಮ ಅಂದಾಜು. ಮುರಿದ ದಿನ ಅದು ಒಲೆ ಬೂದಿಯ ಜೊತೆಗೆ ತೆಂಗಿನ ಬುಡ ಸೇರುತ್ತದೆ.

ಹಾಗಾಗಿ ಮೂರು ತಾಲೂಕಿನ ಪರವಾಗಿ ಕೆಲವು ಮಾತುಗಳನ್ನು ಈಗಲೇ ಇಡುತ್ತೇವೆ. ಮೊದಲನೆಯದು, ನಮ್ಮ ಗಾಳಿಯಲ್ಲಿ ಪರೀಕ್ಷೆ ಆಗಬೇಕು. ದೇಶದ ಸೌರಶಕ್ತಿ ಸಂಸ್ಥೆ ಇರುವುದು ಗುರುಗ್ರಾಮದ ಒಣ ಹವೆಯಲ್ಲಿ, ಸಮುದ್ರದಿಂದ ಬಹಳ ದೂರ. ಸುರತ್ಕಲ್ಲಿನ ಎನ್‌ಐಟಿಕೆ ಕಡಲಿಗೆ ಮುಖ ಮಾಡಿ ನಿಂತಿದೆ, ಬಣ್ಣದಿಂದ ಬೆಳಕು ಹಿಡಿಯುವ ಸೌರಕೋಶಗಳ ಮೇಲೆ ಅಲ್ಲಿನ ರಸಾಯನಶಾಸ್ತ್ರದವರು ವರ್ಷಗಳಿಂದ ಕೆಲಸ ಮಾಡಿದ್ದಾರೆ. ಮಣಿಪಾಲದ ತಾಂತ್ರಿಕ ಕಾಲೇಜು ನಮಗೆ ಇನ್ನೂ ಹತ್ತಿರ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಜಾಗವಿದೆ, ಗಂಗೊಳ್ಳಿ ಬಂದರಿನಲ್ಲಿ ಮಾಡು ಇದೆ. ಒಂದು ಕಂಬಿ ಸಾಲು ನಿಲ್ಲಿಸಿ ಹತ್ತು ಪ್ಯಾನೆಲ್ ಕಟ್ಟಿ, ಕನಿಷ್ಠ ಮೂರು ಮಳೆಗಾಲ ಅಳೆದು, ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸುವುದಕ್ಕೆ ಕೋಟಿಗಟ್ಟಲೆ ಹಣ ಬೇಡ. ಮಾರುವ ಕಂಪನಿಗಳೇ ಪ್ಯಾನೆಲ್ ಕೊಡಲಿ. ಕೊಡಲು ಹಿಂಜರಿದರೆ ಆ ಹಿಂಜರಿಕೆಯನ್ನೂ ಪ್ರಕಟಿಸೋಣ.

ಇನ್ನೊಂದು ಮಾತು ಬ್ಯಾಂಕು ಮತ್ತು ಸಹಕಾರಿ ಸಂಘಗಳಿಗೆ. ಮೂವತ್ತು ವರ್ಷದ ಹಿಂದೆ ಸೋಲಾರಿಗೆ ಬಾಗಿಲು ತೆರೆದವರು ನೀವು. ಈಗ ಆ ಬಾಗಿಲಲ್ಲಿ ನಿಂತು ನೋಡಬೇಕಾದವರೂ ನೀವೇ. ಸಾಲ ಮಂಜೂರು ಮಾಡುವಾಗ ಪ್ಯಾನೆಲ್ ಯಾವ ಪದಾರ್ಥದ್ದು ಎಂದು ಕೊಟೇಶನ್ನಿನಲ್ಲಿ ಬರೆಸಿ. ಉಪ್ಪು ಮಂಜಿನ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಹಾಳಾದ ಪ್ಯಾನೆಲ್ಲನ್ನು ಮನೆಯಿಂದಲೇ ಹಿಂದಕ್ಕೆ ಒಯ್ಯುವ ಹೊಣೆ ಮಾರಿದವರದ್ದು ಎಂಬ ಸಾಲು ಬಿಲ್ಲಿನಲ್ಲೇ ಇರಲಿ. ಅದಕ್ಕೊಂದು ಠೇವಣಿಯನ್ನು ಮಾರಾಟಗಾರರಿಂದ ಸಂಘದಲ್ಲೇ ಇರಿಸಿಕೊಂಡರೆ ಕಂಪನಿ ಮುಳುಗಿದರೂ ಪ್ಯಾನೆಲ್ ಸಾಗಿಸುವ ಖರ್ಚಿಗೆ ದಾರಿಯಾಗುತ್ತದೆ. ಗುಜರಿಯವರನ್ನು ದೂರುವುದರಲ್ಲಿ ಅರ್ಥವಿಲ್ಲ. ಊರಿನ ಕಸವನ್ನು ವರ್ಷಗಳಿಂದ ಹೊತ್ತವರು ಅವರು. ಪ್ಯಾನೆಲ್ಲನ್ನು ಒಡೆಯದೆ ಇಡಿಯಾಗಿ ಸಂಘದ ಗೋದಾಮಿಗೆ ತಂದರೆ ಗಾಜಿಗೂ ಕಿಲೋ ಲೆಕ್ಕದಲ್ಲಿ ಹಣ ಕೊಡುವಂತಾದರೆ ಹುಡುಗನ ಸುತ್ತಿಗೆ ತಾನಾಗಿ ನಿಲ್ಲುತ್ತದೆ.

ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಲಾಭಾಂಶದ ಚರ್ಚೆ ಮುಗಿದು, ಊಟಕ್ಕೆ ಏಳುವ ಮೊದಲು, "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ" ಎಂಬ ಕೊನೆಯ ಕಲಮು ಬರುತ್ತದಲ್ಲ, ಆಗ ಒಬ್ಬ ಸದಸ್ಯರಾದರೂ ಎದ್ದು ನಿಂತು ಈ ಮೂರನ್ನೂ ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು: ನಮ್ಮ ಸಂಘ ಸಾಲ ಕೊಡುವ ಪ್ಯಾನೆಲ್ಲಿನ ಒಳಗೆ ಏನಿದೆ, ಅದು ಯಾವ ಕಡಲ ತೀರದಲ್ಲಿ ಎಷ್ಟು ಮಳೆಗಾಲ ಕಂಡಿದೆ, ಕೆಟ್ಟ ದಿನ ಅದನ್ನು ಒಯ್ಯಲು ಯಾವ ಊರಿನಿಂದ ಯಾರ ಲಾರಿ ಬರುತ್ತದೆ.